ಫೆಲ್ಟ್ ಕ್ರಿಸ್‌ಮಸ್ ಆರ್ನಮೆಂಟ್: ಮೊದಲು ಸೂಜಿ, ಆಮೇಲೆ ಕತ್ತರಿ

ಫೆಲ್ಟ್ ಶೀಟ್ ಕೈಗೆ ಸಿಕ್ಕಿದ ತಕ್ಷಣ ಎಲ್ಲರೂ ಮಾಡೋದು ಒಂದೇ, ಕತ್ತರಿ ತಗೊಂಡು ಒಂದು ಸ್ಟಾರ್ ಕತ್ತರಿಸಿಬಿಡೋದು, ಆಮೇಲೆ ಇದರ ಮೇಲೆ ಏನು ಹಾಕೋಣ ಅಂತ ಯೋಚನೆ ಮಾಡ್ತಾ ಕೂರೋದು. ದಯವಿಟ್ಟು ಹಾಗೆ ಮಾಡ್ಬೇಡಿ. ಸಣ್ಣ ತುಂಡನ್ನ ಬೆರಳಲ್ಲಿ ಹಿಡ್ಕೊಂಡು ಅದರ ಮೇಲೆ ಕಸೂತಿ ಹಾಕ್ತಾ ಹೋದ್ರೆ ಅಂಚು ಜಗ್ಗತ್ತೆ, ದುಂಡಗಿದ್ದದ್ದು ಮೊಟ್ಟೆ ಶೇಪಿಗೆ ಬರತ್ತೆ, ಕೈ ಬೆವರು ತಾಗಿ ಅಂಚಲ್ಲಿ ಜುಂಗು ಏಳತ್ತೆ, ಮುಂಬೈ ಡಿಸೆಂಬರಲ್ಲೂ ಬೆವರು ಏನು ಕಡಿಮೆ ಇಲ್ಲ ಅನ್ನೋದು ಗೊತ್ತೇ ಇದೆಯಲ್ಲ. ಪೂರ್ತಿ ಶೀಟ್ ಮೇಲೆ ಡಿಸೈನ್ ಹೊಲಿದು ಮುಗಿಸಿ, ಆಮೇಲೆ ಕತ್ತರಿಸಿ. ಈ ಒಂದು ಮಾತು ನೆನಪಿಟ್ಕೊಂಡ್ರೆ ಅರ್ಧ ಕೆಲಸ ಆದ ಹಾಗೆ, ಇನ್ನರ್ಧ ಅಂಚಿನ ಹೊಲಿಗೆ, ಅದಕ್ಕೆ ಕೆಳಗೆ ಜಾಸ್ತಿ ಜಾಗ ಕೊಟ್ಟಿದೀನಿ.

ಏನೇನು ಬೇಕು, ಎಲ್ಲಿ ಸಿಗತ್ತೆ

ಫೆಲ್ಟ್ ಅಂದ್ರೆ ನೇಯ್ದ ಬಟ್ಟೆ ಅಲ್ಲ. ಉಣ್ಣೆ ನಾರನ್ನ ಒದ್ದೆ ಮಾಡಿ, ಬಿಸಿ ಕೊಟ್ಟು, ಉಜ್ಜಿ ಒತ್ತಿ ಒಂದಕ್ಕೊಂದು ಸಿಕ್ಕಿಕೊಳ್ಳೋ ಹಾಗೆ ಮಾಡಿದ್ದು, ಅದಕ್ಕೇ ಕತ್ತರಿಸಿದ್ರೆ ಎಳೆ ಬಿಡಲ್ಲ, ಅಂಚು ಮಡಚಿ ಹೊಲಿಯೋ ಗೋಜೇ ಇಲ್ಲ. ಆದ್ರೆ ನಮ್ಮ ಸ್ಟೇಷನರಿ ಅಂಗಡಿಗಳಲ್ಲಿ ಸಿಗೋದು ಬಹುಪಾಲು ಉಣ್ಣೆದಲ್ಲ, ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್. ಅದೂ ನಡೆಯತ್ತೆ, ಉಣ್ಣೆದು ಚೆನ್ನ ಆದ್ರೆ ದುಬಾರಿ. ಮೊದಲ ಸಲಕ್ಕೆ ಪಾಲಿಯೆಸ್ಟರೇ ತಗೊಳ್ಳಿ, ಆದ್ರೆ ಎರಡು ವಿಷಯ ನೋಡಿ ತಗೊಳ್ಳಿ. ಒಂದು, ಮೆತ್ತಗಿರೋದನ್ನೇ ಕೇಳಿ, ಅಂಟು ಹಾಕಿ ರಟ್ಟಿನ ಹಾಗೆ ಗಟ್ಟಿ ಮಾಡಿರೋ ಶೀಟ್ ಸ್ಕೂಲ್ ಪ್ರಾಜೆಕ್ಟಿಗೆ ಸರಿ, ಸೂಜಿ ಚುಚ್ಚೋಕೆ ಹೋದ್ರೆ ಬೆರಳು ನೋವು. ಇನ್ನೊಂದು, ಶೀಟನ್ನ ಬೆಳಕಿಗೆ ಹಿಡಿದು ನೋಡಿ, ಅಲ್ಲಲ್ಲಿ ತೆಳುವಾಗಿ ಬೆಳಕು ತೂರಿ ಬರ್ತಿದ್ರೆ ಬಿಟ್ಬಿಡಿ, ಒಳಗೆ ತುಂಬಿದ ಬಿಳಿ ಫೈಬರ್ ಆಮೇಲೆ ಅಲ್ಲಿಂದಾನೇ ಇಣುಕತ್ತೆ.

ಅಂಗಡಿ ವಿಷಯಕ್ಕೆ ಬಂದ್ರೆ, ಮುಂಬೈ ಲೋಕಲ್ ಟ್ರೇನಲ್ಲಿ ವೆಸ್ಟರ್ನ್ ಲೈನ್‌ನೋರು ಮರೀನ್ ಲೈನ್ಸಲ್ಲಿ ಇಳಿದು ಪೂರ್ವಕ್ಕೆ ನಡೀರಿ, ಸೆಂಟ್ರಲ್‌ನೋರಿಗೆ ಸಿಎಸ್‌ಎಂಟಿ ಸ್ಟೇಷನ್ ಹತ್ರ. ಕ್ರಾಫರ್ಡ್ ಮಾರ್ಕೆಟ್ಟಿನ ಆ 1869ರ ಕಟ್ಟಡದ ಸುತ್ತ, ಅಬ್ದುಲ್ ರೆಹಮಾನ್ ಸ್ಟ್ರೀಟ್ ಕಡೆ ಕ್ರಾಫ್ಟ್ ಸಾಮಾನು, ಫೆಲ್ಟ್ ಶೀಟು ಹೋಲ್‌ಸೇಲಾಗಿ ಸಿಗತ್ತೆ, ಮಣಿ ಚಮ್ಕಿ ಲೇಸ್ ರಿಬ್ಬನ್ನಿಗೆ ಭುಲೇಶ್ವರದ ಗಲ್ಲಿಗಳು. ಭಾನುವಾರ ಮಾತ್ರ ಹೋಗ್ಬೇಡಿ, ಆ ಕಡೆ ಹೆಚ್ಚಿನ ಅಂಗಡಿ ಬಾಗಿಲು ಹಾಕಿರತ್ತೆ. ಡಿಸೆಂಬರ್ ಎರಡನೇ ವಾರ ಆದ್ಮೇಲೆ ಕಾಲಿಡೋಕೂ ಜಾಗ ಇರಲ್ಲ, ನವೆಂಬರಲ್ಲೇ ಮುಗಿಸ್ಕೊಳ್ಳಿ. ಅಷ್ಟು ದೂರ ಯಾಕೆ ಅನ್ನೋರಿಗೆ ದಾದರ್ ವೆಸ್ಟ್ ಇದೆ, ದಾರ ಸೂಜಿ ಗುಂಡಿ ಮಾರೋ ಅಂಗಡಿ ಅಲ್ಲಿ ಬೇಕಾದಷ್ಟು, ಫೆಲ್ಟ್ ಬಣ್ಣಗಳು ಮಾತ್ರ ಅಷ್ಟು ತರಹ ಸಿಗಲ್ಲ.

ದಾರ ಅಂದ್ರೆ ಕಾಟನ್ ಎಂಬ್ರಾಯ್ಡರಿ ದಾರದ ಲಡಿ. ಆಂಕರ್ ಎಲ್ಲ ಕಡೆ ಸಿಗತ್ತೆ, ಒಂದು ಲಡಿ 8 ಮೀಟರ್, ಅದರಲ್ಲಿ ಆರು ಎಳೆ ಸೇರಿರತ್ತೆ. ಸಿಲ್ಕ್ ದಾರ ಅಂತ ಹೊಳೆಯೋ ರೇಯಾನ್ ಕೊಡ್ತಾರೆ, ಜಾರತ್ತೆ, ಗಂಟು ನಿಲ್ಲಲ್ಲ, ಕಲಿಯೋರಿಗೆ ಬೇಡ. ಸೂಜಿ ಕ್ರೂವೆಲ್, ಅಂದ್ರೆ ಎಂಬ್ರಾಯ್ಡರಿ ಸೂಜಿ, 7 ನಂಬರ್ ಸಾಕು, ಮಣಿ ಹಾಕೋದಿದ್ರೆ ತೆಳು ಸೂಜಿ 10 ನಂಬರ್ ಒಂದಿರಲಿ. ಸಣ್ಣ ಚೂಪು ಕತ್ತರಿ ಬೇಕು, ಅದನ್ನ ಮನೇಲಿ ಯಾರೂ ಹಾಲಿನ ಪ್ಯಾಕೆಟ್ ಕತ್ತರಿಸೋಕೆ ತಗೊಳ್ದೆ ಇರೋ ಜಾಗದಲ್ಲಿ ಇಡಿ. ಒಳಗೆ ತುಂಬೋಕೆ ತಲೆದಿಂಬಿನ ರೆಕ್ರಾನ್ ಫೈಬರ್, ಹಳೇ ದಿಂಬು ಒಂದು ಬಿಚ್ಚಿದ್ರೆ ಇಡೀ ಬಿಲ್ಡಿಂಗಿಗಾಗತ್ತೆ. ಹತ್ತಿ ಬೇಡ, ಗಂಟು ಗಂಟಾಗತ್ತೆ, ಜೊತೆಗೆ ಇಲ್ಲಿನ ತೇವ ಹೀರ್ಕೊಂಡು ಮಳೆಗಾಲದಲ್ಲಿ ವಾಸನೆ ಹಿಡಿಯತ್ತೆ.

ಅಳತೆ ಮತ್ತು ಲೆಕ್ಕ

ಆರ್ನಮೆಂಟ್ 7ರಿಂದ 8 ಸೆಂ.ಮೀ. ಇರಲಿ. ಅದಕ್ಕಿಂತ ಸಣ್ಣದಾದ್ರೆ ಕಸೂತಿಗೆ ಜಾಗ ಇಲ್ಲ, ದೊಡ್ಡದಾದ್ರೆ ನಮ್ಮ ಫ್ಲಾಟಿನ ಎರಡಡಿ ಟ್ರೀಗೆ ಭಾರ, ಕೊಂಬೆ ಜೋತು ಬೀಳತ್ತೆ. ಎ4 ಶೀಟಲ್ಲಿ 9.5 ಸೆಂ.ಮೀ. ಚೌಕ ಆರು ಬರತ್ತೆ, ಮುಂದಕ್ಕೊಂದು ಹಿಂದಕ್ಕೊಂದು ಅಂದ್ರೆ ಒಂದು ಶೀಟಿಗೆ ಮೂರು ಆರ್ನಮೆಂಟ್. 10 ಸೆಂ.ಮೀ. ಅಂತ ಗುಂಡು ಲೆಕ್ಕ ಹಾಕಿದ್ರೆ ಉದ್ದದಲ್ಲಿ ಮೂರು ಮಿಲಿಮೀಟರ್ ಸಾಲ್ದೆ ನಾಲ್ಕೇ ಚೌಕ ಸಿಗತ್ತೆ, ಬರೀ ಎರಡು ಆರ್ನಮೆಂಟು. ಚೌಕ ಗೀರು ಮಾತ್ರ ಹಾಕಿ, ಕತ್ತರಿಸ್ಬೇಡಿ.

ಬಣ್ಣದ ಬಗ್ಗೆ ನನ್ನ ಅಭಿಪ್ರಾಯ ಹೇಳ್ಬಿಡ್ತೀನಿ, ಕೆಂಪು ಹಸಿರು ಬಿಳಿ ಅಷ್ಟೇ ಅಂತ ಹಟ ಬೇಡ. ಇಳಕಲ್ ಸೀರೆಯ ಕಡು ಮರೂನ್, ಅರಿಶಿನ, ನವಿಲು ನೀಲಿ, ಇವೆಲ್ಲ ಹಸಿರು ಟ್ರೀ ಮೇಲೆ ಎಷ್ಟು ಎದ್ದು ಕಾಣತ್ತೆ ಅಂದ್ರೆ ಅಂಗಡಿಯ ಬಾಲುಗಳು ಮಂಕು ಹೊಡೆಯತ್ತೆ. ಹಸಿರು ಫೆಲ್ಟಲ್ಲಿ ಮಾಡಿದ್ದು ಟ್ರೀ ಒಳಗೇ ಕಳೆದುಹೋಗತ್ತೆ. ಬಿಳಿ ಬೇಗ ಕೊಳೆ ಆಗತ್ತೆ, ಅದರ ಬದಲು ಹಾಲಿನ ಕೆನೆ ಬಣ್ಣ ತಗೊಳ್ಳಿ.

ಡಿಸೈನ್ ಫೆಲ್ಟ್ ಮೇಲೆ ಇಳಿಸೋದು

ಇದೇ ಜನಕ್ಕೆ ತಲೆನೋವು. ಕಾರ್ಬನ್ ಪೇಪರ್ ಫೆಲ್ಟ್ ಮೇಲೆ ಸರಿಯಾಗಿ ಕೂರಲ್ಲ, ಜುಂಗಿರೋದ್ರಿಂದ ಗೆರೆ ಒಡೆದು ಮಸಿ ಹರಡತ್ತೆ. ಗಾಳಿಗೆ ತಾನೇ ಮಾಯ ಆಗೋ ನೇರಳೆ ಪೆನ್ನಿದೆಯಲ್ಲ, ಅದರ ಇಂಕು ಹ್ಯುಮಿಡಿಟಿ ಜಾಸ್ತಿ ಇದ್ರೆ ಇನ್ನೂ ಬೇಗ ಹೋಗತ್ತೆ, ಮುಂಬೈನಲ್ಲಿ ಒಂದು ಟೀ ಕುಡಿದು ಬರೋಷ್ಟರಲ್ಲಿ ಅರ್ಧ ಡಿಸೈನ್ ಇರಲ್ಲ. ಬಿಸಿಗೆ ಅಳಿಯೋ ಪೆನ್ನು ಗಾಢ ಬಣ್ಣದ ಮೇಲೆ ಬಿಳಿ ನೆರಳು ಬಿಡತ್ತೆ, ಅಲ್ದೆ ಅದನ್ನ ಅಳಿಸೋಕೆ ಅಂತ ಪಾಲಿಯೆಸ್ಟರ್ ಫೆಲ್ಟ್ ಮೇಲೆ ಇಸ್ತ್ರಿ ಇಟ್ರೆ ಕರಗಿ ಇಸ್ತ್ರಿಗೇ ಅಂಟತ್ತೆ.

ಸುಲಭ ದಾರಿ ಬಟರ್ ಪೇಪರ್. ತೆಳುವಾದ ಬಟರ್ ಪೇಪರ್ ಮೇಲೆ ಬಾಲ್ ಪೆನ್ನಲ್ಲಿ ಡಿಸೈನ್ ಬರೀರಿ, ಪೆನ್ಸಿಲ್ ಬೇಡ, ಅದರ ಪುಡಿ ಬಿಳಿ ದಾರಕ್ಕೆ ಹತ್ತತ್ತೆ. ಇಂಕು ಪೂರ್ತಿ ಒಣಗಲಿ. ಆಮೇಲೆ ಪೇಪರನ್ನ ಚೌಕದ ಮೇಲಿಟ್ಟು ನಾಲ್ಕೂ ಕಡೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ, ಪೇಪರ್ ಮತ್ತೆ ಫೆಲ್ಟ್ ಎರಡೂ ಸೇರಿಸಿ ಗೆರೆ ಮೇಲೆ ಕಸೂತಿ ಹಾಕ್ತಾ ಹೋಗಿ. ಮುಗಿದ್ಮೇಲೆ ಸೂಜಿ ಮೊನೆಯಲ್ಲಿ ಹೊಲಿಗೆ ಪಕ್ಕದಲ್ಲೇ ಮೆಲ್ಲಗೆ ಗೀರಿ, ಪೇಪರ್ ತುಂಡು ತುಂಡಾಗಿ ಬರತ್ತೆ, ಹೊಲಿಗೆ ಅಡಿ ಉಳಿದ ಚೂರನ್ನ ಟ್ವೀಜರಲ್ಲಿ ತೆಗೀರಿ. ಎಳೆದು ಕೀಳ್ಬೇಡಿ, ಹೊಲಿಗೆ ಸಡಿಲ ಆಗತ್ತೆ. ಬರೀ ದುಂಡು, ಹಾರ್ಟು, ನೇರ ಗೆರೆ ಅಷ್ಟೇ ಇದ್ರೆ ಇದೆಲ್ಲ ಬೇಡ, ಟೈಲರ್ ಚಾಕ್ ಸಾಕು.

ಕಸೂತಿಗೆ ಬಟ್ಟೆ ಬಿಗಿಯಾಗಿ ಹಿಡಿಯೋ ದುಂಡು ಫ್ರೇಮ್ ಹಾಕ್ಬೇಕಾ ಅಂತ ಕೇಳ್ತಾರೆ. ಬೇಡ ಅಂತೀನಿ. ಫೆಲ್ಟಿಗೆ ತನ್ನದೇ ಬಿಗಿ ಇರತ್ತೆ, ಫ್ರೇಮಿನ ಉಂಗುರದ ಗುರುತು ಒಮ್ಮೆ ಬಿದ್ರೆ ಇಸ್ತ್ರಿ ಇಲ್ದೆ ಹೋಗಲ್ಲ, ಇಸ್ತ್ರಿ ಮಾಡೋ ಹಾಗಿಲ್ಲ.

ಹೊಲಿಗೆ

ದಾರ 50 ಸೆಂ.ಮೀ. ಗಿಂತ ಉದ್ದ ತಗೋಬೇಡಿ. ಲಡಿಯಿಂದ ಕತ್ತರಿಸಿದ್ಮೇಲೆ ಎಳೆಗಳನ್ನ ಒಂದೊಂದಾಗಿ ಮೇಲಕ್ಕೆ ಎಳೆದು ಬೇರೆ ಮಾಡಿ, ಆಮೇಲೆ ಬೇಕಾದಷ್ಟು ಎಳೆ ಒಟ್ಟು ಸೇರಿಸಿ ಪೋಣಿಸಿ. ಎರಡು ಮೂರು ಎಳೆ ಒಟ್ಟಿಗೆ ಎಳೆದ್ರೆ ಬುಡದಲ್ಲಿ ಸಿಕ್ಕಾಗತ್ತೆ. ಕಾಟನ್ ಬಟ್ಟೆ ಮೇಲೆ ಎರಡೆಳೆ ಸಾಕಾದ್ರೂ ಫೆಲ್ಟಲ್ಲಿ ಹೊಲಿಗೆ ಒಳಗೆ ಮುಳುಗತ್ತೆ, ಅದಕ್ಕೆ ಮೂರೆಳೆ ತಗೊಳ್ಳಿ, ಮತ್ತೆ ಬಿಗಿಯಾಗಿ ಎಳೀಬೇಡಿ, ದಾರ ಫೆಲ್ಟ್ ಮೇಲೆ ಮಲಗಿರ್ಬೇಕು ಅಷ್ಟೇ.

ಗೆರೆಗೆ ಬ್ಯಾಕ್ ಸ್ಟಿಚ್ (ಒಂದು ಹೆಜ್ಜೆ ಹಿಂದೆ ಚುಚ್ಚಿ ಎರಡು ಹೆಜ್ಜೆ ಮುಂದೆ ಬರೋದು), ದಪ್ಪ ಗೆರೆ ಬೇಕಾದ್ರೆ ಸರಪಳಿ ಹೊಲಿಗೆ, ಎಲೆಗೆ ಫ್ಲೈ ಸ್ಟಿಚ್ (ವಿ ಆಕಾರದ್ದು) ಅಥವಾ ಲೇಜಿ ಡೇಜಿ (ಎಸಳಿನ ಹಾಗೆ ಒಂಟಿ ಸರಪಳಿ ಕುಣಿಕೆ). ಸ್ಯಾಟಿನ್ ಸ್ಟಿಚ್, ಅಂದ್ರೆ ಜಾಗ ತುಂಬೋಕೆ ಒತ್ತಾಗಿ ಪಕ್ಕ ಪಕ್ಕ ಹಾಕೋ ಹೊಲಿಗೆ, ಉದ್ದ ಆದಷ್ಟೂ ಜೋತು ಬೀಳತ್ತೆ, ಯಾರದ್ದಾದ್ರೂ ಬಳೆಗೆ ಸಿಕ್ಕಿದ್ರೆ ಮುಗೀತು, ಸಣ್ಣ ಸಣ್ಣ ಹಣ್ಣು ಹೂವಿಗೆ ಮಾತ್ರ ಇಟ್ಕೊಳ್ಳಿ. ಫ್ರೆಂಚ್ ನಾಟ್, ಅಂದ್ರೆ ದಾರವನ್ನ ಸೂಜಿಗೆ ಸುತ್ತಿ ಮಾಡೋ ಸಣ್ಣ ಗಂಟು, ಹಾಕೋವಾಗ ಸೂಜಿ ಮೇಲೆ ಬಂದ ತೂತಿಗೇ ವಾಪಸ್ ಚುಚ್ಚಿದ್ರೆ ಫೆಲ್ಟಲ್ಲಿ ಗಂಟು ಪುಳಕ್ಕಂತ ಹಿಂದಕ್ಕೆ ಹೋಗಿಬಿಡತ್ತೆ, ಒಂಚೂರು, ಕೂದಲೆಳೆಯಷ್ಟು ಪಕ್ಕದಲ್ಲಿ ಚುಚ್ಚಿ.

ಹಿಮ ಬೀಳೋದು ಬಿಡಿ, ಸ್ವೆಟರ್ರೇ ಬೇಡದ ಊರಲ್ಲಿ ಸ್ನೋಫ್ಲೇಕ್ ಯಾಕೆ ಅಂತ ನನಗೂ ಅನ್ಸತ್ತೆ, ಆದ್ರೆ ಕೈ ಕೂರ್ಸೋಕೆ ಅದಕ್ಕಿಂತ ಒಳ್ಳೆ ಡಿಸೈನ್ ಇಲ್ಲ. ಆರು ತೋಳು, ಎಲ್ಲ ನೇರ ಗೆರೆ, ಪ್ರತಿ ತೋಳಿಗೆ ಎರಡು ಸಣ್ಣ ವಿ, ತುದಿಗೊಂದು ಫ್ರೆಂಚ್ ನಾಟ್. ನೀಲಿ ಮೇಲೆ ಬಿಳಿ ದಾರದಲ್ಲಿ ಒಂದು ಸಂಜೆಗೆ ಮುಗಿಯತ್ತೆ. ಅದಾದ್ಮೇಲೆ ನಮ್ಮ ಕಡೆ ಡಿಸೈನಿಗೆ ಬನ್ನಿ.

ಧಾರವಾಡ ಕಸೂತಿ ಹಾಕೋ ಆಸೆ ಇರೋರಿಗೆ

ಹುಬ್ಬಳ್ಳಿ ಧಾರವಾಡ ಕಡೆಯ ಅಮ್ಮಂದಿರ ಹತ್ರ ಕಸೂತಿ ಕಲಿತೋರು ಮುಂಬೈನಲ್ಲಿ ತುಂಬಾ ಜನ ಇದಾರೆ, ಅವರಿಗೆ ಫೆಲ್ಟ್ ಕಂಡ್ರೆ ಮೊದಲು ಬರೋ ಸಮಸ್ಯೆ ಎಣಿಸೋಕೆ ಎಳೆನೇ ಇಲ್ಲ ಅನ್ನೋದು. ಧಾರವಾಡ ಕಸೂತಿ ಪೂರ್ತಿ ನಿಂತಿರೋದೇ ಬಟ್ಟೆಯ ಎಳೆ ಎಣಿಸಿ ಹಾಕೋದ್ರ ಮೇಲೆ, ಗವಂತಿ ಮುರ್ಗಿ ನೇಯ್ಗಿ ಮೆಂತಿ ಅನ್ನೋ ಅದರ ನಾಲ್ಕೂ ಹೊಲಿಗೆಗೆ ಅದೇ ಆಧಾರ. ಫೆಲ್ಟಲ್ಲಿ ಉದ್ದ ಎಳೆ ಅಡ್ಡ ಎಳೆ ಎರಡೂ ಇಲ್ಲ, ಅಂದಾಜಲ್ಲಿ ಹಾಕಿದ್ರೆ ಮೂರನೇ ಸಾಲಿಗೇ ತೇರಿನ ಡಿಸೈನ್ ವಾಲತ್ತೆ.

ಇದಕ್ಕೆ ದಾರಿ ಅದೇ ಬಟರ್ ಪೇಪರ್, ಈ ಸಲ ಅದರ ಮೇಲೆ ಗ್ರಾಫ್. ಕೆಳಗೆ ಗ್ರಾಫ್ ಪುಸ್ತಕದ ಹಾಳೆ ಇಟ್ಟು 2.5 ಮಿ.ಮೀ. ಚೌಕಗಳ ಬರೀ ಮೂಲೆ ಚುಕ್ಕೆಗಳನ್ನ ಇಳಿಸ್ಕೊಳ್ಳಿ, ರಂಗೋಲಿ ಚುಕ್ಕಿ ಇಟ್ಟ ಹಾಗೆ, ಗೆರೆ ಬೇಡ. ಚುಕ್ಕೆಯಿಂದ ಚುಕ್ಕೆಗೆ ಒಂದು ಹೊಲಿಗೆ. 6 ಸೆಂ.ಮೀ. ಅಗಲದಲ್ಲಿ 24 ಹೊಲಿಗೆ ಬರತ್ತೆ, ಒಂದು ಸಣ್ಣ ಆನೆಗೋ ಗಿಳಿಗೋ ತೇರಿಗೋ ಅಷ್ಟು ಧಾರಾಳ ಸಾಕು. ಇಲ್ಲಿ ಎರಡೆಳೆ ದಾರ ತಗೊಳ್ಳಿ, ಮೂರೆಳೆ ಹಾಕಿದ್ರೆ ಮೂಲೆಗಳು ತುಂಬಿ ಡಿಸೈನ್ ಮುದ್ದೆ ಆಗತ್ತೆ. ಗವಂತಿ ಅಂದ್ರೆ ಹೋಗ್ತಾ ಒಂದು ಬಿಟ್ಟು ಒಂದು ರನ್ನಿಂಗ್, ಬರ್ತಾ ಬಿಟ್ಟ ಜಾಗ ತುಂಬೋದು, ಅದು ಫೆಲ್ಟಲ್ಲಿ ಬಹಳ ಚೆಂದ ಕೂರತ್ತೆ. ಮುರ್ಗಿನೂ ಅದೇ ಹೊಲಿಗೆ, ಮೆಟ್ಟಿಲ ಹಾಗೆ ಹೋಗತ್ತೆ ಅಷ್ಟೇ. ಮೆಂತಿ ಅಂದ್ರೆ ಕ್ರಾಸ್ ಸ್ಟಿಚ್, ಅದೂ ಸರಿ. ನೇಯ್ಗಿ, ಅಂದ್ರೆ ನೇಯ್ದ ಹಾಗೆ ಕಾಣೋ ರನ್ನಿಂಗ್ ಹೊಲಿಗೆ, ಮಾತ್ರ ಬೇಡ, ಅಷ್ಟು ಹತ್ರ ಹತ್ರ ಸಾಲು ಬಂದ್ರೆ ಅಡಿಯ ಪೇಪರ್ ತೆಗೆಯೋಕೇ ಆಗಲ್ಲ.

ಕ್ಯಾನ್ವಾಸ್ ಜಾಲರಿ ಮೇಲೆ ಹಾಕಿ ಆಮೇಲೆ ಜಾಲರಿ ಎಳೆ ಒಂದೊಂದೇ ಎಳೆದು ತೆಗೆಯೋ ಪದ್ಧತಿನೂ ಇದೆ, ಆದ್ರೆ ಅದನ್ನ ಒದ್ದೆ ಮಾಡ್ಬೇಕು, ಉಣ್ಣೆ ಫೆಲ್ಟಿಗೆ ಒದ್ದೆ ಆಗಿಬರಲ್ಲ.

ಧಾರವಾಡ ಕಸೂತಿಯಲ್ಲಿ ಗಂಟು ಹಾಕ್ಬಾರದು, ಹಿಂದೆ ಮುಂದೆ ಒಂದೇ ಥರ ಕಾಣ್ಬೇಕು ಅಂತ ನಿಯಮ ಇದೆಯಲ್ಲ, ಸೀರೆ ಸೆರಗಿಗೆ ಅದು ಸರಿ. ಇಲ್ಲಿ ಹಿಂಭಾಗ ಇನ್ನೊಂದು ಫೆಲ್ಟ್ ಅಡಿ ಮುಚ್ಚಿಹೋಗತ್ತೆ, ಧೈರ್ಯವಾಗಿ ಗಂಟು ಹಾಕಿ, ಅಜ್ಜಿಗೆ ಹೇಳ್ಬೇಡಿ.

ಈಗ ಕತ್ತರಿ

ಕಸೂತಿ ಮುಗಿದು ಪೇಪರ್ ತೆಗೆದ್ಮೇಲೆ ಡಿಸೈನ್ ಸುತ್ತ ಶೇಪ್ ಬರೆದು ಕತ್ತರಿಸಿ. ಡಿಸೈನಿಂದ ಅಂಚಿಗೆ ಕಮ್ಮಿ ಅಂದ್ರೂ 7 ಮಿ.ಮೀ. ಬಿಡಿ, ಅಂಚಿನ ಹೊಲಿಗೆನೇ 4 ಮಿ.ಮೀ. ತಿನ್ನತ್ತೆ. ಕತ್ತರಿಸೋವಾಗ ಕತ್ತರಿ ಒಂದೇ ಕಡೆ ಇರಲಿ, ಫೆಲ್ಟನ್ನ ತಿರುಗಿಸಿ, ದುಂಡು ನೀಟಾಗಿ ಬರತ್ತೆ. ಹಿಂದಿನ ತುಂಡಿಗೆ ಬೇರೆ ಅಳತೆ ಬೇಡ, ಕತ್ತರಿಸಿದ ಮುಂಭಾಗವನ್ನೇ ಇನ್ನೊಂದು ಚೌಕದ ಮೇಲಿಟ್ಟು ಪಿನ್ ಮಾಡಿ ಅದರ ಪ್ರಕಾರ ಕತ್ತರಿಸಿ, ಯಾಕಂದ್ರೆ ಹೊಲಿಗೆ ಬಿದ್ದ ಮುಂಭಾಗ ಒಂಚೂರು ಕುಗ್ಗಿರತ್ತೆ, ಮೂಲ ಅಳತೆಗೆ ಕತ್ತರಿಸಿದ ಹಿಂಭಾಗ ಅದಕ್ಕೆ ಹೊಂದಲ್ಲ.

ಮೊದಲ ಸಲ ದುಂಡು ಮಾಡಿ. ಸ್ಟಾರ್ ನೋಡೋಕೆ ಸುಲಭ ಆದ್ರೆ ಹೊಲಿಯೋಕೆ ಕಷ್ಟ, ಐದು ಮೊನೆ ಐದು ಒಳಮೂಲೆ. ನಂಗಿಷ್ಟ ಅರ್ಧಚಂದ್ರ, ಅಂದ್ರೆ ನೆವ್ರಿ ಶೇಪು. ನಮ್ಮ ಕರ್ಜಿಕಾಯಿ ತಾನೇ ಅದು, ಮಂಗಳೂರು ಕ್ಯಾಥೊಲಿಕರ ಕುಸ್ವಾರ್, ಅಂದ್ರೆ ಕ್ರಿಸ್‌ಮಸ್ ತಿಂಡಿ ತಟ್ಟೆಯಲ್ಲಿ ಕಿಡಿಯೊ ಗುಳಿಯೊ ಜೊತೆ ಇದ್ದೇ ಇರತ್ತೆ. ಕೆನೆ ಬಣ್ಣದ ಫೆಲ್ಟಲ್ಲಿ ಅರ್ಧಚಂದ್ರ ಕತ್ತರಿಸಿ, ದುಂಡು ಅಂಚನ್ನ ಜಿಗ್‌ಜಾಗ್ ಕತ್ತರಿಯಲ್ಲಿ ತೆಗೆದ್ರೆ ಚಕ್ರ ಹೊಡೆದ ನೆವ್ರಿ ಅಂಚೇ ಬರತ್ತೆ, ಒಳಗೆ ಕಂದು ದಾರದಲ್ಲಿ ಒಂದಷ್ಟು ಫ್ರೆಂಚ್ ನಾಟ್ ಹಾಕಿದ್ರೆ ಎಳ್ಳು. ರೋಸ್ ಕುಕ್ಕಿ ಕೂಡ ಮಾಡ್ಬಹುದು, ಹೂವಿನ ಶೇಪಲ್ಲಿ ಕತ್ತರಿಸೋಕೆ ಮುಂಚೆ ಒಂದರೊಳಗೊಂದು ಸರಪಳಿ ಹೊಲಿಗೆ ಸುತ್ತು ಹಾಕಿ. ಪಕ್ಕದ ಮನೆಯಿಂದ ಕುಸ್ವಾರ್ ತಟ್ಟೆ ಬಂದಾಗ ತಟ್ಟೆ ಖಾಲಿ ವಾಪಸ್ ಕೊಡೋಕಾಗತ್ತಾ, ಅದರಲ್ಲಿ ಈ ಬಟ್ಟೆ ನೆವ್ರಿ ಇಟ್ಟು ಕೊಡಿ, ಮಕ್ಕಳು ಕಚ್ಚಿ ನೋಡದ ಹಾಗೆ ನೋಡ್ಕೊಳ್ಳಿ.

ಅಂಚು

ಮೊದಲು ನೇತು ಹಾಕೋ ಕುಣಿಕೆ. 18 ಸೆಂ.ಮೀ. ತೆಳು ರಿಬ್ಬನ್ ಅಥವಾ ಆರೂ ಎಳೆ ದಾರ ಮಡಚಿ, ತುದಿ ಎರಡನ್ನೂ ಹಿಂದಿನ ತುಂಡಿನ ಒಳಮುಖಕ್ಕೆ ಒಂದೂವರೆ ಸೆಂ.ಮೀ. ಕೆಳಗೆ ಇಳಿಸಿ ನಾಲ್ಕು ಗಟ್ಟಿ ಹೊಲಿಗೆ ಹಾಕಿ. ಗ್ಲೂ ಗನ್ನು, ಫೆವಿಕಾಲು ಎರಡೂ ಬೇಡ, ಅಂಟು ಗಟ್ಟಿಯಾದ ಜಾಗದಲ್ಲಿ ಸೂಜಿ ಹೋಗಲ್ಲ. ಅಂಚು ಹೊಲಿಯೋಕೆ ಮುಂಚೆ ಕುಣಿಕೆ ಹಿಡಿದು ತೂಗಾಡಿಸಿ ನೋಡಿ, ಅರ್ಧಚಂದ್ರದಂಥ ಶೇಪ್ ಒಂದೇ ಕಡೆ ವಾಲತ್ತೆ, ಆವಾಗ ಕುಣಿಕೆ ಜಾಗ ಬದಲಾಯಿಸಿ.

ಅಂಚಿಗೆ ಬ್ಲಾಂಕೆಟ್ ಸ್ಟಿಚ್. ಎರಡು ಎಳೆ ದಾರ. ಇಲ್ಲಿ ಮಾತ್ರ 50 ಸೆಂ.ಮೀ. ನಿಯಮ ಮುರೀರಿ, ಸುತ್ತಳತೆಯ ನಾಲ್ಕು ಪಟ್ಟು ದಾರ ಒಂದೇ ಸಲ ತಗೊಳ್ಳಿ. 8 ಸೆಂ.ಮೀ. ದುಂಡಿಗೆ ಸುತ್ತಳತೆ 25 ಸೆಂ.ಮೀ., ಅಂದ್ರೆ 1 ಮೀಟರ್. ಉದ್ದ ದಾರ ಸಿಕ್ಕಾಗೋದು ನಿಜ, ಎಚ್ಚರವಾಗಿ ಎಳೀರಿ, ನಡುವೆ ದಾರ ಮುಗಿದು ಜೋಡಿಸಿದ್ರೆ ಆ ಜೋಡಣೆ ಅಂಚಲ್ಲಿ ಎಲ್ಲಕ್ಕಿಂತ ಮೊದಲು ಕಾಣತ್ತೆ.

ಸೂಜಿಯನ್ನ ಎರಡು ಪದರದ ನಡುವಿಂದ ತಂದು ಮುಂಭಾಗದಲ್ಲಿ, ಅಂಚಿಂದ 4 ಮಿ.ಮೀ. ಒಳಗೆ ಹೊರಗೆ ತೆಗೀರಿ, ಗಂಟು ಒಳಗೇ ಉಳಿಯತ್ತೆ. ಎಡದಿಂದ ಬಲಕ್ಕೆ ಹೋಗಿ. 4 ಮಿ.ಮೀ. ಪಕ್ಕದಲ್ಲಿ, ಅಷ್ಟೇ ಒಳಗೆ, ಮುಂದಿನಿಂದ ಹಿಂದಕ್ಕೆ ಎರಡೂ ಪದರಕ್ಕೆ ಚುಚ್ಚಿ, ದಾರ ಪೂರ್ತಿ ಎಳೆಯೋಕೆ ಮುಂಚೆ ಅಂಚಲ್ಲಿ ಒಂದು ಕುಣಿಕೆ ಉಳಿಯತ್ತಲ್ಲ, ಸೂಜಿಯನ್ನ ಹಿಂದಿನ ಕಡೆಯಿಂದ ಅದರೊಳಗೆ ದಾಟಿಸಿ ಎಳೀರಿ, ದಾರ ಅಂಚಿನ ಮೇಲೆ ಕೂರತ್ತೆ. ಹೀಗೇ ಮುಂದಕ್ಕೆ. ಅಂಚು ಸುಕ್ಕಾಗ್ತಿದ್ರೆ ಜಾಸ್ತಿ ಎಳೀತಿದೀರಿ ಅಂತ ಅರ್ಥ. ಒಳಗೆಷ್ಟು ಆಳ, ಪಕ್ಕಕ್ಕೆಷ್ಟು ದೂರ, ಇದು ಎಲ್ಲ ಕಡೆ ಒಂದೇ ಇದ್ರೆ ಸಾಮಾನ್ಯ ಡಿಸೈನೂ ಅಂಗಡಿ ಮಾಲಿನ ಹಾಗೆ ಕಾಣತ್ತೆ, ಇದು ಹೆಚ್ಚು ಕಮ್ಮಿ ಆದ್ರೆ ಒಳಗೆ ಎಂಥ ಅದ್ಭುತ ಕಸೂತಿ ಇದ್ರೂ ಕಣ್ಣು ಹೋಗೋದು ಅಂಚಿಗೇ. ಕೈ ಪಳಗೋ ತನಕ ಮುಂಭಾಗದಲ್ಲಿ ಚಾಕಲ್ಲಿ 4 ಮಿ.ಮೀ. ಒಳಗೆ ಒಂದು ಗೆರೆ ಹಾಕ್ಕೊಳ್ಳಿ, ಹೊಲಿಗೆ ಮುಗಿದ್ಮೇಲೆ ತಟ್ಟಿದ್ರೆ ಹೋಗತ್ತೆ.

ಮೊನೆ ಬಂದ ಕಡೆ ಒಂದೇ ತೂತಿಗೆ ಮೂರು ಹೊಲಿಗೆ ಹಾಕಿ, ಒಂದು ಎಡಕ್ಕೆ ವಾಲಿದ್ದು, ಒಂದು ನೇರ ಮೊನೆಗೆ, ಒಂದು ಬಲಕ್ಕೆ. ಒಳಮೂಲೆಯಲ್ಲಿ ಒಂದೇ ಒಂದು.

3 ಸೆಂ.ಮೀ. ಉಳಿದಾಗ ನಿಲ್ಲಿಸಿ, ದಾರ ಕತ್ತರಿಸ್ಬೇಡಿ, ಸೂಜಿನ ಪಕ್ಕಕ್ಕೆ ಚುಚ್ಚಿಡಿ. ಫೈಬರನ್ನ ಸಣ್ಣ ಸಣ್ಣ ಚಿಟಿಕೆಯಾಗಿ ಬಿಡಿಸಿ ಪೆನ್ಸಿಲ್ ಹಿಂಭಾಗದಲ್ಲಿ ತಳ್ಳಿ, ಸ್ಟಾರಾದ್ರೆ ಮೊದಲು ಮೊನೆಗಳಿಗೆ, ಕೊನೆಗೆ ಹೊಟ್ಟೆಗೆ. ತುಂಬಾ ತುರುಕ್ಬೇಡಿ, ಹೊಲಿಗೆ ನಡುವೆ ಬಾಯಿ ಬಿಡತ್ತೆ. ಆಮೇಲೆ ಉಳಿದದ್ದು ಹೊಲಿದು, ಕೊನೆ ಹೊಲಿಗೆಯನ್ನ ಮೊದಲ ಹೊಲಿಗೆ ಅಡಿ ತೂರಿಸಿ ಸಣ್ಣ ಗಂಟು ಹಾಕಿ, ಸೂಜಿಯನ್ನ ಪದರದ ನಡುವೆ ಎರಡು ಮೂರು ಸೆಂ.ಮೀ. ಒಳಗೆ ಓಡಿಸಿ ಹೊರಗೆ ತೆಗೆದು ಬುಡಕ್ಕೇ ಕತ್ತರಿಸಿ.

ಮಣಿ ಕನ್ನಡಿ ಚಮ್ಕಿ ಹಾಕೋದಿದ್ರೆ ಮುಂಭಾಗ ಕತ್ತರಿಸೋಕೆ ಮುಂಚೆ ಹಾಕ್ಬೇಕು. ಲಂಬಾಣಿ ಥರ ಸಣ್ಣ ಕನ್ನಡಿ ಒಂದು ನಡುವೆ ಇಟ್ರೆ ಸೀರಿಯಲ್ ಲೈಟಿಗೆ ಮಿಂಚತ್ತೆ, ಆದ್ರೆ ಅಂಬೆಗಾಲಿಡೋ ಮಗು ಇರೋ ಮನೆಗೆ ಕೊಡೋದಾದ್ರೆ ಮಣಿ ಕನ್ನಡಿ ಎರಡೂ ಬೇಡ, ಬಾಯಿಗೆ ಹಾಕ್ಕೊಳ್ಳತ್ತೆ. ಟ್ರೀಗೆ ಎಲ್‌ಇಡಿ ಸರ ಇರಲಿ, ಬಿಸಿಯಾಗೋ ಹಳೇ ಬಲ್ಬ್ ಸರ ಬೇಡ. ಗೋದಲಿ ಮುಂದೆ ಮೇಣದಬತ್ತಿ ಹಚ್ಚೋರು ಇವನ್ನ ಅದರ ಹತ್ರ ಇಡ್ಬೇಡಿ, ಸಿಂಥೆಟಿಕ್ ಫೆಲ್ಟ್ ಬೇಗ ಹತ್ಕೊಳ್ಳತ್ತೆ.

ಜನವರಿಯಲ್ಲಿ ಟ್ರೀ ಬಿಚ್ಚಿದಾಗ ಇವನ್ನ ಹಾಗೇ ಡಬ್ಬಕ್ಕೆ ಸುರೀಬೇಡಿ, ಮುಂದೆ ಜೂನಿಂದ ಸೆಪ್ಟೆಂಬರ್ ಇದೆ. ತೊಳೆಯೋ ಹಾಗಿಲ್ಲ, ಗಾಢ ದಾರ ಬಣ್ಣ ಬಿಡಬಹುದು, ಒಣ ಬ್ರಶ್ಶಲ್ಲಿ ಧೂಳು ತೆಗೀರಿ, ಒಂದು ದಿನ ಬಿಸಿಲಿಗಲ್ಲ, ಗಾಳಿಗೆ ಹರಡಿ. ಆಮೇಲೆ ಒಂದೊಂದನ್ನೂ ಟಿಶ್ಯೂನಲ್ಲಿ ಸುತ್ತಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಚಪ್ಪಲಿ ಡಬ್ಬದಲ್ಲಿ ಬರತ್ತಲ್ಲ ಅದೇ. ಉಣ್ಣೆ ಫೆಲ್ಟಾದ್ರೆ ನುಸಿ ಹಿಡಿಯದ ಹಾಗೆ ಪೂರ್ತಿ ಒಣಗಿದ ಬೇವಿನೆಲೆ ಅಥವಾ ಒಂದಷ್ಟು ಲವಂಗ ಬಟ್ಟೆಯಲ್ಲಿ ಕಟ್ಟಿ ಹಾಕಿ. ಡಬ್ಬ ಬಾಲ್ಕನಿ ಗೋಡೆ ಕಡೆಯ ಕಪಾಟಲ್ಲಿ ಬೇಡ, ಆ ಗೋಡೆ ಮಳೆಗಾಲದಲ್ಲಿ ತೇವ ಬರೋದು ಹೆಚ್ಚು. ಸೂಜಿಗಳನ್ನೂ ಅದೇ ಡಬ್ಬಕ್ಕೆ ಹಾಕಿಬಿಡಿ, ಹೊರಗಿಟ್ರೆ ತುಕ್ಕು ಹಿಡಿದು ಮುಂದಿನ ನವೆಂಬರಿಗೆ ಕೆಲಸಕ್ಕೆ ಬರಲ್ಲ.